ಶಾವಿಗೆ ಕೋಲಿಗೆ ಕಟ್ಟಿದ ದಡಿ

ನಾನು ಶಹಾಬಾದಿನ ಈ ಓಣಿಗೆ ಸೊಸೆಯಾಗಿ ಬಂದ ವರ್ಷ, ಶಿವರಾತ್ರಿ ಮುಗಿದ ವಾರಕ್ಕೆ ಅತ್ತೆ ತಮ್ಮ ಹಸಿರು ಸೀರೆಯ ಕೆಂಪು ದಡಿಯಿಂದ ಒಂದು ಮೊಳ ಉದ್ದದ ಪಟ್ಟಿ ಹರಿದು ನನ್ನ ಕೈಗೆ ಕೊಟ್ಟರು. "ಎದುರು ಮನಿ ಆಪಾನ ಅಂಗಳದಾಗ ಕೋಲು ಅವ. ಒಂದಕ್ಕ ಇದು ಕಟ್ಟಿ ಬಾ. ಗಟ್ಟಿ ಕಟ್ಟು, ಬಿಚ್ಚಬಾರದು" ಅಂದರು. ಯಾಕೆ, ಏನು ಎಂದು ಕೇಳುವಷ್ಟು ಸಲಿಗೆ ನನಗಿನ್ನೂ ಬಂದಿರಲಿಲ್ಲ. ಹೋಗಿ ಕಟ್ಟಿದೆ.

ಆಪಾ, ಅಂದರೆ ಓಣಿಗೆಲ್ಲ ಅಕ್ಕ, ಆಗ ಅಂಗಳದಲ್ಲಿ ಹೊರಸು ಮಂಚ ಹಾಕಿಕೊಂಡು, ಅದರ ಮರದ ಪಟ್ಟಿಗೆ ಕಬ್ಬಿಣದ ಶಾವಿಗೆ ಮಷಿನ್ನು ತಿರುಪು ಹಾಕಿ ಬಿಗಿಯುತ್ತಿದ್ದಳು. ನನ್ನನ್ನೂ ನಾನು ಕಟ್ಟಿದ ಗಂಟನ್ನೂ ನೋಡಿ, "ನಿಮ್ಮ ಅತ್ತಿ ದಡಿ ಅದಲ್ಲ ಅದು? ಇನ್ನ ಮ್ಯಾಲ ನಿಂದು. ಈ ಕೋಲಿನ ಮ್ಯಾಲ ನಿಮ್ಮ ಮನಿ ಶಾವಿಗಿ ಬಿಟ್ಟು ಇನ್ನೊಬ್ಬರದು ಬೀಳಂಗಿಲ್ಲ" ಅಂದಳು.

ಇಷ್ಟೇ ಪದ್ಧತಿ. ಮಷಿನ್ನು ಇದ್ದದ್ದು ಆಪಾನ ಹತ್ತಿರ. ನಾವು ಗೋಧಿ ತೊಳೆದು, ನೆರಳಿಗೆ ಆರಿಸಿ, ಗಿರಣಿಯಲ್ಲಿ ಒಡೆಸಿ, ಸಣ್ಣ ರವೆ ಜರಡಿ ಹಿಡಿದು ಒಯ್ಯುತ್ತಿದ್ದೆವು. ಅವಳು ನಾದಿ, ಕುಟ್ಟಿ, ಹಿಟ್ಟು ಯಾವ ಹದಕ್ಕೆ ಬಂದಿದೆ ಎಂದು ಹೆಬ್ಬೆರಳಿನಲ್ಲಿ ಒತ್ತಿ ನೋಡಿ ಮಷಿನ್ನಿಗೆ ಇಡುತ್ತಿದ್ದಳು. ಒಬ್ಬರು ಹಿಡಿಕೆ ತಿರುವಬೇಕು, ಒಬ್ಬರು ಕೆಳಗೆ ಇಳಿಯುವ ಎಳೆಯನ್ನು ಎರಡೂ ಅಂಗೈಯಲ್ಲಿ ಹಿಡಿದು ಎರಡು ಕಟ್ಟೆಗಳ ಮೇಲೆ ಬಿಸಿಲಿಗೆ ಅಡ್ಡ ಇಟ್ಟ ಕೋಲಿಗೆ ಒಣಹಾಕಬೇಕು. ಕೂಲಿ ತೆಗೆದುಕೊಳ್ಳುತ್ತಿದ್ದಳು, ಅದರ ಮೇಲೇ ಅವಳ ಮನೆ ನಡೆಯುತ್ತಿತ್ತು. ಗಂಡ ಫರಸಿ ಕಲ್ಲಿನ ಖಣಿಯಲ್ಲಿ ಕೆಲಸಕ್ಕಿದ್ದವನು ಬೇಗ ತೀರಿಹೋಗಿದ್ದ. ಬೇಸಿಗೆಯ ಎರಡು ತಿಂಗಳ ಶಾವಿಗೆಯಲ್ಲಿ ಅವಳು ಮಗಳನ್ನು ಓದಿಸಿ, ವಾಡಿ ಊರಿಗೆ ಮದುವೆ ಮಾಡಿಕೊಟ್ಟಳು.

ಅವಳ ಅಂಗಳದಲ್ಲಿ ಎಲ್ಲ ಮನೆಯ ದಡಿಯೂ ಇತ್ತು. ಲಿಂಗಾಯತರ ಮನೆಯದು, ಬೌದ್ಧರ ಓಣಿಯ ಟೀಚರಮ್ಮನದು, ರೈಲ್ವೆ ಕ್ವಾರ್ಟರ್ಸಿನಿಂದ ಬರುತ್ತಿದ್ದ ತೆಲುಗು ಹೆಂಗಸಿನದು. ಈದ್ ಬೇಸಿಗೆಗೆ ಬಂದ ವರ್ಷ ಅದಕ್ಕೆ ಬೇಕಾದದ್ದು ಮೊದಲು ಮುಗಿಸಿ ಆಮೇಲೆ ಯುಗಾದಿಯದಕ್ಕೆ ಕೈಹಾಕುತ್ತಿದ್ದಳು. ರೋಜಾ ಉಪವಾಸವಿದ್ದ ದಿನಗಳಲ್ಲಿ ಹಿಟ್ಟಿನ ಉಪ್ಪು ನೋಡುವ ಕೆಲಸ ನನ್ನದು. "ನನ್ನ ನಾಲಿಗಿ ಈ ತಿಂಗಳು ನಿನ್ನ ಬಾಯಾಗ ಅದ" ಎನ್ನುತ್ತಿದ್ದಳು.

ನನಗೆ ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡುವ ಚಟವಿದೆ. ನಳದ ನೀರು ಬಂದ ದಿನ, ಸಿಲಿಂಡರ್ ಹಚ್ಚಿದ ದಿನ, ಚಿತ್ತಾಪುರದಿಂದ ನಾದಿನಿ ಬಂದು ಹೋದದ್ದು. ನಾಲ್ಕು ವರ್ಷದ ಹಿಂದಿನ ಕ್ಯಾಲೆಂಡರು ತೆಗೆದರೆ ಒಂದು ಚೌಕದಲ್ಲಿ ಪೆನ್ಸಿಲಿನಲ್ಲಿ "ಹಿಂದ ಮಷಿನ್ ಸುರು" ಎಂದಿದೆ. ಓಣಿಯ ಹಿಂದಿನ ಪಾಳು ಜಾಗದಲ್ಲಿ, ಖಣಿಯಿಂದ ಉಳಿದ ಒಡಕು ಕಲ್ಲನ್ನು ಪುಡಿ ಮಾಡುವ ಕ್ರಷರ್ ಶುರುವಾದ ದಿನ ಅದು. ಅದರ ಕಾಟಾದಲ್ಲಿ, ಅಂದರೆ ಲಾರಿ ತೂಗುವ ಕಡೆ, ನಮ್ಮ ಮನೆಯವರಿಗೆ ಕೆಲಸ ಸಿಕ್ಕಿತು. ಅದನ್ನೂ ಅದೇ ಚೌಕದಲ್ಲಿ ಬರೆದಿದ್ದೇನೆ. ಅವತ್ತು ಸಿಹಿ ಸಜ್ಜಕ ಮಾಡಿದ್ದೆ.

ಮೊದಲ ಬೇಸಿಗೆ ಯಾರಿಗೂ ಹೆಚ್ಚಿಗೆ ತಿಳಿಯಲಿಲ್ಲ. ಪಾತ್ರೆ ಎರಡು ಸಲ ತೊಳೆಯಬೇಕಾಗುತ್ತಿತ್ತು, ತುಳಸಿ ಎಲೆ ಬೂದಿ ಬಡಿದಂತೆ ಕಾಣುತ್ತಿತ್ತು, ಅಷ್ಟೇ. ಶಹಾಬಾದಿನವರಿಗೆ ಕಲ್ಲಿನ ಧೂಳು ಹೊಸದೇನಲ್ಲ. ಬಟ್ಟೆ ಒಗೆದರೆ ಹೋಗುತ್ತದೆ, ನೆಲ ಒರೆಸಿದರೆ ಹೋಗುತ್ತದೆ. ಶಾವಿಗೆ ತೊಳೆಯುವ ಹಾಗಿಲ್ಲ. ಹಸಿ ಎಳೆಗೆ ಕೂತ ಕಣ ಒಣಗುವಾಗ ಎಳೆಯೊಳಗೇ ಹಿಡಿದುಕೊಳ್ಳುತ್ತದೆ. ಕೊಡವಿದರೂ ಬೀಳುವುದಿಲ್ಲ, ಕಣ್ಣಿಗೂ ಕಾಣುವುದಿಲ್ಲ. ಹಲ್ಲಿಗೆ ಮಾತ್ರ ಸಿಗುತ್ತದೆ.

ಎರಡನೆಯ ಬೇಸಿಗೆ ಹಲ್ಲಿಗೆ ಸಿಕ್ಕಿತು. ನಮ್ಮ ಓಣಿಯ ಕೊನೆಯ ಮನೆಯವರು ಮಗಳ ನಿಶ್ಚಯಕ್ಕೆ ಆಪಾನ ಶಾವಿಗೆಯನ್ನು ಸೇಡಂಗೆ ಒಯ್ದಿದ್ದರು. ನಾನೂ ಹೋಗಿದ್ದೆ. ಬೀಗರ ಪಂಕ್ತಿಯಲ್ಲಿ ಹಿರಿಯರೊಬ್ಬರು ಪಾಯಸ ಉಣ್ಣುತ್ತಿದ್ದವರು ಅಗಿಯುವುದು ನಿಲ್ಲಿಸಿದರು. ಬಾಯಿಂದ ಏನೋ ತೆಗೆದು ಎಲೆಯ ಮೂಲೆಗಿಟ್ಟರು. ಉಳಿದ ಪಾಯಸ ಹಾಗೇ ಬಿಟ್ಟು ಅನ್ನಕ್ಕೆ ಕೈಹಾಕಿದರು. ನಿಶ್ಚಯದ ಹುಡುಗಿಯ ತಾಯಿಯೇ ಬಡಿಸುತ್ತಿದ್ದಳು, ಅದನ್ನು ನೋಡಿದಳು, ನಾನು ಅವಳನ್ನು ನೋಡಿದೆ.

ಮಾರನೆಯ ದಿನ ಅವಳು ಆಪಾನ ಅಂಗಳಕ್ಕೆ ಬಂದಳು. ಜಗಳ ಮಾಡಿದ್ದರೆ ಚೆನ್ನಾಗಿತ್ತು. ಆಪಾ ಕುಂದ್ರು ಅಂದಳು, ಕೂತಳು. ಚಹಾ ಕುಡಿದಳು. ಏಳುವಾಗ, "ಆಪಾ, ಕೋಲಿಗೆ ನಮ್ಮದೊಂದು ದಡಿ ಕಟ್ಟಿತ್ತಲ್ಲ. ಹೊಸ ಸೀರೆದು ಕಟ್ಟಬೇಕು ಅಂತ ಮಾಡೀನಿ, ಅದು ಬಿಚ್ಕೊಂಡು ಹೋಗ್ತೀನಿ" ಅಂದಳು.

"ಬಿಚ್ಕೋ ತಂಗಿ" ಅಂದಳು ಆಪಾ. ಗಂಟು ಬಿಗಿದುಹೋಗಿತ್ತು. ತಾನೇ ಎದ್ದು ಹಲ್ಲಿನಿಂದ ಬಿಡಿಸಿಕೊಟ್ಟಳು.

ಹೊಸ ದಡಿ ಬರಲಿಲ್ಲ. ಸೇಡಂನಲ್ಲಿ ಕರೆಂಟಿನ ಮಷಿನ್ನು ಬಂದಿದೆ, ಹಿಟ್ಟು ಕೊಟ್ಟರೆ ಪ್ಯಾಕು ಮಾಡಿ ಕೊಡುತ್ತಾರೆ ಎಂದು ಆಮೇಲೆ ತಿಳಿಯಿತು. ಅದರ ಹಿಂದೆ ಟೀಚರಮ್ಮ ಬಂದು ಬಿಚ್ಚಿಕೊಂಡು ಹೋದಳು. ತೆಲುಗು ಹೆಂಗಸು ಬರದೇ ಹೋದಳು, ಅವಳ ಹಳದಿ ದಡಿ ಬಿಸಿಲಿಗೆ ಬಿಳಿಚಿಕೊಳ್ಳುತ್ತ ಅಲ್ಲೇ ಉಳಿಯಿತು.

ಆಪಾ ಕೈಕಟ್ಟಿ ಕೂತಿರಲಿಲ್ಲ. ನಸುಕಿನಲ್ಲಿ ಎದ್ದು, ಕ್ರಷರ್ ಶುರುವಾಗುವ ಮುಂಚೆ ಒಂದು ಕೋಲಾದರೂ ಒಣಗಲಿ ಎಂದು ನೋಡಿದಳು. ಬಿಸಿಲು ಏರದೆ ಶಾವಿಗೆ ಒಣಗುವುದಿಲ್ಲ, ಬಿಸಿಲು ಏರುವುದಕ್ಕೂ ಅದು ಗರಗರ ಎನ್ನುವುದಕ್ಕೂ ಸರಿಹೋಗುತ್ತಿತ್ತು. ತೆಳು ಸೀರೆ ಹೊದಿಸಿದಳು; ಒಳಗೆ ಬೆವತು ಎಳೆಗಳು ಒಂದಕ್ಕೊಂದು ಅಂಟಿಕೊಂಡವು. ಒಳಮನೆಯಲ್ಲಿ ಫ್ಯಾನಿನ ಕೆಳಗೆ ಹಾಕಿದಳು. ಆ ಮನೆಯಲ್ಲಿ ಹಿಡಿಸುವುದು ಎರಡೇ ಕೋಲು, ಕರೆಂಟು ಹೋದ ಮಧ್ಯಾಹ್ನ ಅವಕ್ಕೂ ಹುಳಿ ವಾಸನೆ ಬಂತು. ನಾನು ಇದನ್ನೆಲ್ಲ ಕ್ಯಾಲೆಂಡರಿನಲ್ಲಿ ಬರೆದೆ. "ಆಪಾನ ಶಾವಿಗಿ ಒಳಗ ತಂದೆವು." "ಮತ್ತ ಒಳಗ ತಂದೆವು." ಬರೆಯುವುದು ಬಿಟ್ಟು ನನಗೆ ಬೇರೆ ಏನು ಮಾಡಬೇಕೆಂದು ತಿಳಿದಿರಲಿಲ್ಲ.

ಮೂರನೆಯ ವರ್ಷ, ಅದೇ ಜಾಗದಲ್ಲಿ ಇನ್ನೊಂದು ಯಂತ್ರ ಕೂಡಿಸುತ್ತಾರಂತೆ, ಅದಕ್ಕೆ ಮುಂಚೆ ಮಂದಿಯ ಮಾತು ಕೇಳಲಿಕ್ಕೆ ಸರಕಾರದ ಸಾಹೇಬರು ಬರುತ್ತಾರಂತೆ ಎಂದು ಸುದ್ದಿ ಬಂತು. ನಮ್ಮ ವಾರ್ಡಿನ ಸದಸ್ಯ ಆಪಾನ ಬಾಗಿಲಲ್ಲಿ ನಿಂತು, "ಬರ್ರಿ, ಎಲ್ಲಾರೂ ಬರ್ರಿ, ಏನದ ಬಾಯಿ ಬಿಚ್ಚಿ ಹೇಳ್ರಿ, ನಾ ಇದ್ದೀನಲ್ಲ" ಅಂದ. ಅವನವೇ ಎರಡು ಟಿಪ್ಪರು ಆ ಕ್ರಷರಿಗೆ ಓಡುತ್ತಿದ್ದವು. ಅದು ಅವನಿಗೂ ಗೊತ್ತಿತ್ತು, ನಮಗೂ ಗೊತ್ತಿತ್ತು. ಆದರೂ ಬಾ ಅಂದನಲ್ಲ ಎಂದು ನಮಗೆ ಧೈರ್ಯ ಬಂತು.

ಅರ್ಜಿ ಬರೆಯುವುದು ನನ್ನ ಪಾಲಿಗೆ ಬಂತು. ಪಿಯುಸಿ ಓದಿದವಳು, ಅಕ್ಷರ ದುಂಡಗಿವೆ ಎಂದು ಓಣಿಯ ರೇಷನ್ ಕಾರ್ಡಿನಿಂದ ಹಿಡಿದು ಪಿಂಚಣಿಯವರೆಗೆ ನಾನೇ ಬರೆಯುವುದು. ಮನೆಯವರಿಗೆ ಹೇಳಿದೆ. ಅವರು ಅಂಗಿ ಬಿಚ್ಚಿ ಬಾಗಿಲ ಹೊರಗೆ ಕೊಡವುತ್ತಿದ್ದರು.

"ಬರಿ. ಬ್ಯಾಡ ಅನ್ನಂಗಿಲ್ಲ" ಅಂದರು. ಅಂಗಿ ಮತ್ತೊಮ್ಮೆ ಕೊಡವಿ, "ನನ್ನ ಹೆಸರು ಅದರಾಗ ಬರಬಾರದು. ನಿನ್ನ ಹೆಸರು ಬಂದರೂ ನನ್ನ ಹೆಸರೇ ಬಂದಂಗ" ಅಂದರು.

"ಓಣಿ ಹೆಣ್ಣುಮಕ್ಕಳು ಅಂತ ಹಾಕ್ತೀನಿ."

"ಹಂಗ ಹಾಕು. ಏನೂ ಆಗಂಗಿಲ್ಲ ಅದು ಬ್ಯಾರೆ ಮಾತು."

ಮೂರು ಸಲ ಬರೆದೆ, ಮೂರು ಸಲ ಹರಿದೆ. ಕ್ರಷರ್ ಮುಚ್ಚಿ ಎಂದು ಬರೆಯಲಿಲ್ಲ, ಬರೆಯುವಂತೆಯೂ ಇರಲಿಲ್ಲ. ಅರ್ಧ ಓಣಿಯ ಊಟ ಅದರಲ್ಲಿದೆ. ಶಾವಿಗೆಯ ಎರಡು ತಿಂಗಳು ಮಧ್ಯಾಹ್ನದವರೆಗೆ ನಿಲ್ಲಿಸಿ, ನಮ್ಮ ಕಡೆಗೆ ಎತ್ತರದ ತಗಡು ಕಟ್ಟಿ, ಕಲ್ಲಿಗೆ ನೀರು ಹೊಡೆದು ಒಡೆಯಿರಿ. ಮೂರೇ ಮಾತು. ಮಾತು ಸಾಲದು, ಕೈಯಲ್ಲಿ ಹಿಡಿದು ತೋರಿಸಬೇಕು ಎಂದು ನಾನೇ ಹೇಳಿದೆ. ಬಯಲಿನಲ್ಲಿ ಒಣಗಿದ ಒಂದು ಕೋಲಿನ ಶಾವಿಗೆಯನ್ನು ಡಬ್ಬಿಗೆ ತುಂಬಿ ಆಪಾ ತರುವುದು, ಸಾಹೇಬರು ಬೆರಳಲ್ಲಿ ಪುಡಿ ಮಾಡಿ ನೋಡಿದರೆ ಉಸುಕು ಕೈಗೆ ಹತ್ತುತ್ತದೆ, ಆಗ ನಾನು ಎದ್ದು ಅರ್ಜಿ ಓದುವುದು. ಆಪಾ ಹೂಂ ಅಂದಳು. ಎರಡು ಸಲ ಹೂಂ ಅಂದಳು.

ಈದ್ ಮುಗಿದು ಹದಿನೈದು ದಿನವಾಗಿತ್ತು. ಶಾಲೆಯ ಅಂಗಳದಲ್ಲಿ ಶಾಮಿಯಾನ ಹಾಕಿದ್ದರು. ಒಂದು ಕಡೆ ಕ್ರಷರಿನ ಮಂದಿ, ಅವರ ಹಿಂದಿನ ಸಾಲಿನಲ್ಲಿ ನಮ್ಮ ಮನೆಯವರು, ತಲೆ ಬಗ್ಗಿಸಿ ಮೊಬೈಲು ನೋಡುತ್ತ. ಇನ್ನೊಂದು ಕಡೆ ನಾವು. ಕಾಯ್ದೆ, ಅಳತೆ, ಗಾಳಿಯ ದಿಕ್ಕು ಎಂದು ಒಬ್ಬರು ಬಹಳ ಹೊತ್ತು ಓದಿದರು. ಆಮೇಲೆ ಊರವರು ಮಾತಾಡಬಹುದು ಅಂದರು. ವಾರ್ಡಿನ ಸದಸ್ಯ, "ಏ ಆಪಾ, ಬಾ ಮುಂದ, ಏನೋ ತಂದೀ ಅಂತಲ್ಲ" ಎಂದು ಕರೆದ.

ಆಪಾ ಎದ್ದು ಹೋದಳು. ಅವಳ ಕೈಯಲ್ಲಿ ನಾನು ಹೇಳಿದ್ದ ಡಬ್ಬಿ ಒಂದೇ ಇರಲಿಲ್ಲ. ಮೇಲೆ ಬಟ್ಟೆ ಕಟ್ಟಿದ ಸ್ಟೀಲಿನ ಬೋಗುಣಿಯೂ ಇತ್ತು. ಮೊದಲು ಡಬ್ಬಿ ತೆರೆದಿಟ್ಟಳು. ಸಾಹೇಬರು ಕನ್ನಡಕ ಹಾಕಿಕೊಂಡು ಒಂದು ಹಿಡಿ ತೆಗೆದು, ಮುರಿದು, ಅಂಗೈಯಲ್ಲಿ ಉಜ್ಜಿದರು. ಬೆಳಕಿಗೆ ಹಿಡಿದರು. ಇನ್ನೊಬ್ಬರಿಗೆ ಕೊಟ್ಟರು. ಅವರೂ ಉಜ್ಜಿದರು.

"ಇದರಲ್ಲಿ ಧೂಳು ಎಲ್ಲಿದೆಯಮ್ಮ? ತುಂಬ ಶುಭ್ರವಾಗಿದೆಯಲ್ಲ" ಅಂದರು ಸಾಹೇಬರು.

ನನಗೆ ಕೂತಲ್ಲಿಂದಲೇ ಗೊತ್ತಾಯಿತು. ಅದು ಬಯಲಿನ ಶಾವಿಗೆಯಲ್ಲ. ಒಳಮನೆಯ ಫ್ಯಾನಿನ ಕೆಳಗೆ, ಎರಡು ದಿನ ಅವಳು ಬೀಸಣಿಗೆ ಹಿಡಿದು ಕೂತು ಒಣಗಿಸಿದ್ದು, ಮಗಳ ಮನೆಗೆಂದು ಇಟ್ಟುಕೊಂಡದ್ದು. ಅಷ್ಟು ಸಣ್ಣ ಎಳೆ ಅವಳು ಮಗಳಿಗೆ ಬಿಟ್ಟು ಯಾರಿಗೂ ತೆಗೆಯುತ್ತಿರಲಿಲ್ಲ.

ಆಪಾ ಸೆರಗು ಸರಿಮಾಡಿಕೊಂಡು ಬೋಗುಣಿಯ ಬಟ್ಟೆ ಬಿಚ್ಚಿದಳು. "ಜರಾ ಬಾಯಿಗಿ ಹಾಕ್ಕೋರಿ ಸಾಹೇಬ್ರ. ಬಿಸಲಾಗ ದೂರಿಂದ ಬಂದೀರಿ" ಅಂದಳು.

ಪಾಯಸ ಬಂತು. ಚಹಾದ ಕಾಗದದ ಕಪ್ಪಿನಲ್ಲಿ ಎಲ್ಲರಿಗೂ ಹಾಕಿದಳು. ಸಾಹೇಬರಿಗೆ, ಬರೆದುಕೊಳ್ಳುವವರಿಗೆ, ಕ್ರಷರಿನವರಿಗೂ. ನಮ್ಮ ಮನೆಯವರ ಕೈಗೂ ಒಂದು ಕಪ್ಪು ಹೋಯಿತು. ಅವರು ಅದನ್ನು ಹಿಡಿದುಕೊಂಡು ನನ್ನ ಕಡೆ ನೋಡಿದರು. ವಾರ್ಡಿನ ಸದಸ್ಯ ಎರಡನೆಯ ಸಲ ಹಾಕಿಸಿಕೊಂಡು, "ನೋಡ್ರಿ ಸಾಹೇಬ್ರ, ನಮ್ಮ ಓಣಿ ಧೂಳಿಗಿ ಏಲಕ್ಕಿ ಘಮಾ ಅದ" ಅಂದ. ಶಾಮಿಯಾನದ ಎರಡೂ ಕಡೆ ನಕ್ಕರು. ಆಪಾನೂ ನಕ್ಕಳು, ಮಂದಿ ಉಂಡು ನಗುವಾಗ ಬಡಿಸಿದವರು ನಗುವ ಹಾಗೆ.

ಆಮೇಲೆ ನನ್ನನ್ನು ಕರೆದರು. ಎದ್ದು ನಿಂತೆ. ಇದು ಆ ಶಾವಿಗೆ ಅಲ್ಲ, ನನ್ನ ಜೊತೆ ಬನ್ನಿ, ಅವಳ ಮನೆಯಲ್ಲಿ ಇನ್ನೊಂದು ಡಬ್ಬಿ ಇದೆ ಎಂದು ಹೇಳುವುದು ಒಂದು ಉಸಿರಿನ ಕೆಲಸ. ನಾಲಿಗೆಯವರೆಗೆ ಬಂತು. ನನ್ನ ಎದುರಿಗೆ, ನೆಲದ ಮೇಲೆ, ಇನ್ನೂ ದಡಿ ಬಿಚ್ಚದ ಐದಾರು ಮನೆಯ ಹೆಂಗಸರು ಕೂತಿದ್ದರು. ಆಪಾ ಖಾಲಿ ಬೋಗುಣಿ ಮಡಿಲಲ್ಲಿಟ್ಟುಕೊಂಡು ನನ್ನ ಮುಖವನ್ನೇ ನೋಡುತ್ತಿದ್ದಳು. ನಾನು ಕಾಗದ ಬಿಡಿಸಿ ಓದಿದೆ. ಬಟ್ಟೆಯ ಧೂಳು ಓದಿದೆ, ಮಕ್ಕಳ ಕೆಮ್ಮು ಓದಿದೆ, ತಗಡು, ನೀರು ಎಲ್ಲ ಓದಿದೆ. ನಡುವಿನ ಶಾವಿಗೆಯ ಪ್ಯಾರಾ ಬಿಟ್ಟು ಮುಂದಕ್ಕೆ ಹೋದೆ. ಅದನ್ನು ಬಿಟ್ಟ ಮೇಲೆ, ಎರಡು ತಿಂಗಳು ಮಧ್ಯಾಹ್ನದವರೆಗೆ ಯಂತ್ರ ಯಾಕೆ ನಿಲ್ಲಿಸಬೇಕು ಎಂಬುದಕ್ಕೆ ನಾನು ಓದಿದ್ದರಲ್ಲಿ ಕಾರಣವೇ ಉಳಿಯಲಿಲ್ಲ. ಸಾಹೇಬರು ಅದನ್ನೇ ಕೇಳಿದರು. ನಾನು ಕಾಗದ ಮಡಚಿದೆ. "ಪರಿಶೀಲಿಸುತ್ತೇವೆ" ಅಂದರು, ಅದನ್ನು ಇಸಿದುಕೊಂಡು ಓದದೆ ಫೈಲಿಗೆ ಸೇರಿಸಿದರು.

ಬರುವ ದಾರಿಯಲ್ಲಿ, ನೀರಿನ ಟಾಕಿ ದಾಟಿದ ಮೇಲೆ ಆಪಾನೇ ಶುರು ಮಾಡಿದಳು.

"ಸಿಟ್ಟಾಗೀದಿ."

"ಸಿಟ್ಟಿಲ್ಲ ಆಪಾ. ಹಂಗ್ಯಾಕ ಮಾಡಿದಿ, ಅಷ್ಟು ಹೇಳು. ಎರಡು ಸಲ ಹೇಳಿದ್ದೆ ನಿನಗ."

"ಮುಂಜಾನಿ ಡಬ್ಬಿ ತುಂಬಿದೆ, ತಂಗಿ. ಬಯಲಿಂದೇ ತುಂಬಿದೆ. ಮುಚ್ಚಳ ಹಾಕಾಗ ಕೈ ಬರಲಿಲ್ಲ." ಅವಳು ಬೋಗುಣಿಯನ್ನು ಒಂದು ಕಂಕುಳಿಂದ ಇನ್ನೊಂದಕ್ಕೆ ಹಾಕಿಕೊಂಡಳು. "ನನ್ನ ಶಾವಿಗ್ಯಾಗ ಉಸುಕು ಅದ ಅಂತ ನಾನೇ ನಾಲ್ಕು ಮಂದ್ಯಾಗ ಹಿಡದು ತೋರಿಸಲೇನು? ಸಾಹೇಬ್ರು ಹೋಗ್ತಾರ, ಅವರು ಶಾವಿಗಿ ಹಾಕಸಾಕ ಬರಂಗಿಲ್ಲ. ಕೇಳ್ದವರು ಇಲ್ಲೇ ಇರ್ತಾರಲ್ಲ. ನಾಳಿಗಿ ನನ್ನ ಬಾಗಲಿಗಿ ಯಾರು ಬರ್ತಾರ ಹೇಳು."

"ಈಗರ ಯಾರು ಬರಾಕತ್ತಾರ" ಎಂದುಬಿಟ್ಟೆ. ಅಂದ ಮೇಲೆ ನಾಲಿಗೆ ಕಚ್ಚಿಕೊಂಡೆ.

ಅವಳು ಬೇಸರ ಮಾಡಿಕೊಳ್ಳಲಿಲ್ಲ. "ಐದಾರು ಮನಿ ಅವ" ಅಂದಳು. "ನೀ ಇದ್ದೀ."

ತೋರಿಸಿದ್ದರೆ ತಗಡು ಬರುತ್ತಿತ್ತೋ ಏನೋ, ಆದರೆ ಆ ತಗಡಿನ ಮರೆಗೆ ಶಾವಿಗೆ ಹಾಕಿಸಲು ಯಾರೂ ಬರುತ್ತಿರಲಿಲ್ಲ. ತೋರಿಸದೆ ಹೋದದ್ದಕ್ಕೆ ಮಂದಿ ಇನ್ನೊಂದಿಷ್ಟು ದಿನ ಬಂದಾರು, ಧೂಳು ಮಾತ್ರ ಇದ್ದೇ ಇರುತ್ತದೆ. ಯಾವ ಕಡೆಯಿಂದ ಲೆಕ್ಕ ಹಾಕಿದರೂ ಅವಳ ಕೋಲು ಖಾಲಿಯೇ ಆಗುವುದಿತ್ತು. ಅದನ್ನು ಅವಳು ನನಗಿಂತ ಮೊದಲೇ ತಿಳಿದಿದ್ದಳೇನೋ. ಹಾಗಾದರೆ ಇದ್ದ ಒಂದು ದಿನ ಮಾನದಿಂದ ಬಡಿಸಿ ಬರೋಣ ಅಂದುಕೊಂಡಿರಬೇಕು.

ಮಳೆಗಾಲ ಕಳೆದು ಎರಡನೆಯ ಯಂತ್ರ ಬಂತು. ತಗಡು ಬಂತು, ನಮ್ಮ ಕಡೆಗಲ್ಲ, ರಸ್ತೆಯ ಕಡೆಗೆ.

ಈಗ ಬರೆಯಬೇಕಾದ್ದು ಬರೆಯಲು ಕೈ ಹಿಂದೆ ಬೀಳುತ್ತಿದೆ. ನನ್ನ ಮಗಳು ಚಿಂಚೋಳಿಯ ಗಂಡನ ಮನೆಯಲ್ಲಿ ಬಸುರಿ. ಕುಪ್ಪಸದ ಕಾರ್ಯಕ್ಕೆ, ಅಂದರೆ ಸೀಮಂತಕ್ಕೆ, ತೌರುಮನೆಯ ಶಾವಿಗೆ ಹೋಗಬೇಕು. ಅವಳ ಅತ್ತೆ ಕೊಡ್ಲಿಯ ಹೆಣ್ಣುಮಗಳು, ಅಕ್ಕಿಯಲ್ಲಿ ಹರಳು ಸಿಕ್ಕರೂ ವರ್ಷಾನುಗಟ್ಟಲೆ ನೆನಪಿಡುವಾಕಿ. ಸೇಡಂನ ಆ ಎಲೆಯ ಮೂಲೆ ನನ್ನ ಕಣ್ಣಿಂದ ಹೋಗಲಿಲ್ಲ. ಗುಂಡಗುರ್ತಿಯಲ್ಲಿರುವ ನನ್ನ ತಂಗಿಗೆ ಫೋನು ಮಾಡಿದೆ. ಅಲ್ಲಿ ಸುತ್ತ ತೊಗರಿ ಹೊಲ, ಗಾಳಿ ಹಸನಾಗಿದೆ. ಅವಳು ಮಾಡಿಸಿ, ಹಿಟ್ಟಿನ ಚೀಲದಲ್ಲಿ ತುಂಬಿ ಬಸ್ಸಿಗೆ ಹಾಕಿದಳು. ಮನೆಯವರು ಇಳಿಸಿಕೊಂಡು ಬಂದರು. ಚೀಲ ಅಡುಗೆಮನೆಯ ಮೂಲೆಗಿಟ್ಟು ಮೇಲೆ ಹಾಸಿಗೆ ಚಾದರ ಹೊದಿಸಿದೆ.

ಅದೇ ದಿನ ಆಪಾ ಕೊತ್ತಂಬರಿ ಕೇಳಲು ಬಂದಳು. ಅವಳ ಕಣ್ಣು ಶಾವಿಗೆಯ ಕಣ್ಣು. ಚಾದರದ ಕೆಳಗೆ ಉದುರಿದ್ದ ಎರಡು ಎಳೆ ನೆಲದ ಮೇಲೆ ಬಿದ್ದದ್ದು ನೋಡಿದಳು. ಬಗ್ಗಿ ಎತ್ತಿಕೊಂಡಳು. ಮುರಿದು ನೋಡಿದಳು, ನಾಲಿಗೆಗೆ ಹಚ್ಚಿ ನೋಡಿದಳು.

"ಎಳಿ ಸಣ್ಣ ಅದ. ಹಿಟ್ಟು ಇನ್ನಾ ಜರಾ ಕುಟ್ಟಬೇಕಿತ್ತು" ಅಂದಳು. "ಯಾರ ಕೈಯಿಂದು?"

"ತಂಗಿ ಕಳ್ಸ್ಯಾಳ ಆಪಾ, ಗುಂಡಗುರ್ತಿಯಿಂದ. ನಾ ಬ್ಯಾಡ ಅಂದಿದ್ದೆ..."

"ಇರ್ಲಿ ಬೇ. ಮಗಳಿಗಿ ಕಳಸಾದು. ಹಸನ ಇರಬೇಕು." ಕೊತ್ತಂಬರಿ ತೆಗೆದುಕೊಂಡು ಹೋದಳು. ಬಾಗಿಲಲ್ಲಿ ತಿರುಗಿ, "ಬಾಣಂತಿಗಿ ಮೊದಲ ತಿಂಗಳು ಕೊಡಬ್ಯಾಡ, ಭಾರ ಆಗ್ತದ" ಅಂದಳು.

ಎರಡು ದಿನ ಬಿಟ್ಟು ಮತ್ತೆ ಬಂದಳು. ಕೈಯಲ್ಲಿ ಅತ್ತೆಯ ಹಸಿರು ಸೀರೆಯ ಕೆಂಪು ದಡಿ, ಒಗೆದು, ಮಡಚಿ. "ಕೋಲು ತೆಗ್ಯಾಕತ್ತೀನಿ. ಛಾವಣಿಗಿ ಅಡ್ಡ ಹಾಕಾಕ ಬೇಕಾಗ್ಯದ. ಇದು ನಿಂದು ಇತ್ತಲ್ಲ" ಅಂದಳು. ಮಷಿನ್ನು ಏನಾಯಿತು ಎಂದು ಕೇಳಿದೆ. ಎಣ್ಣೆ ಹಚ್ಚಿ ಗೋಣಿಯಲ್ಲಿ ಸುತ್ತಿ ಹೊರಸಿನ ಕೆಳಗೆ ಇಟ್ಟಿದ್ದಾಳಂತೆ. ಮಗಳು ವಾಡಿಗೇ ಬಂದು ಇರು ಎನ್ನುತ್ತಾಳಂತೆ. ಅಲ್ಲಿ ಸಿಮೆಂಟ್ ಕಾರ್ಖಾನೆ ಇದೆ, ಅಲ್ಲೇನು ಧೂಳಿಲ್ಲವೇನು ಎಂದು ಕೇಳಿದೆ. "ಅಲ್ಲಿ ಶಾವಿಗಿ ಹಾಕಾದು ಇಲ್ಲಲ್ಲ" ಅಂದಳು. ಹೋಗುವುದೋ ಬಿಡುವುದೋ ಅವಳಿನ್ನೂ ಹೇಳಿಲ್ಲ.

ದಡಿಯನ್ನು ಎಲ್ಲಿಡಬೇಕು ತಿಳಿಯದೆ ಕ್ಯಾಲೆಂಡರಿನ ಮೊಳೆಗೆ ಸಿಕ್ಕಿಸಿದ್ದೇನೆ.

ಈ ಸಲದ ಈದಿಗೂ ಅವಳ ಮನೆಯಿಂದ ಹಾಲು ಶಾವಿಗೆಯ ಶೀರಖುರ್ಮಾ ಬಂತು. ಅದೇ ಹೂವಿನ ಬಟ್ಟಲು, ಮೇಲೆ ಅದೇ ಕಸೂತಿ ಬಟ್ಟೆ. ಬಟ್ಟಲು ಕೊಡುವಾಗ ಅವಳೇ ಮೆಲ್ಲಗೆ ಹೇಳಿದಳು, "ಅಂಗಡಿ ಪಾಕೀಟಿನ ಶಾವಿಗಿ ಅದ ಈ ಸಲ. ಹೆಂಗ ಅದೋ ಏನೋ, ನೋಡ್ರಿ."

ಮನೆಯವರು ಕಾಟಾದಿಂದ ಬಂದು, ಕೈಕಾಲು ಮುಖ ತೊಳೆದು, ಕಿವಿಯ ಹಿಂದಿನ ಬಿಳಿ ಧೂಳು ಹಾಗೇ ಉಳಿಸಿಕೊಂಡು ಉಣ್ಣಲು ಕೂತರು. ಒಂದು ಚಮಚ ಬಾಯಿಗಿಟ್ಟರು. ನಿಧಾನಕ್ಕೆ ಅಗಿದರು, ಏನೋ ಹುಡುಕುವವರ ಹಾಗೆ. ನಾನು ಅವರ ದವಡೆಯನ್ನೇ ನೋಡುತ್ತಿದ್ದೆ. ಏನೂ ಸಿಗಲಿಲ್ಲ.

"ಈ ಸಲ ಭಾಳ ಹಸನ ಅದಲ್ಲ" ಅಂದರು. "ನೋಡು, ಸುಮ್ಮ ಅಂಜಿದ್ರಿ ನೀವು. ಆಪಾನ ಕೈ ಏನೂ ಕೆಟ್ಟಿಲ್ಲ."

"ಹೂಂ" ಅಂದೆ. ಬಟ್ಟಲು ಖಾಲಿಯಾಯಿತು. ತೊಳೆದು, ಖಾಲಿ ಕೊಡಬಾರದೆಂದು ಒಂದು ಹಿಡಿ ಸಕ್ಕರೆ ಹಾಕಿ, ಎದುರು ಮನೆಗೆ ಕೊಟ್ಟು ಬಂದೆ. ಅಂಗಳದಲ್ಲಿ ಕೋಲು ಇಟ್ಟಿದ್ದ ಎರಡು ಕಟ್ಟೆಗಳ ಮೇಲೆ ಅವಳು ಒಂದೊಂದು ನೀರಿನ ಕೊಡ ಇಟ್ಟಿದ್ದಳು, ಬಾಯಿಗೆ ತಟ್ಟೆ ಮುಚ್ಚಿ.